ಕೆರೆಗೆ ಹಾಕದ ದಿಮ್ಮಿಗಳು

5-10-1967, ಗುರುವಾರ, ಮಧುವನಹಳ್ಳಿ

ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಈ ಪುಸ್ತಕವೇ ಕ್ಷಮಿಸಲಿ. ಇದು ಬಾಟನಿ ರೆಕಾರ್ಡು. ಎಡಗಡೆ ಬಿಳಿ ಹಾಳೆ ಡಯಾಗ್ರಮ್ಮಿಗೆ, ಬಲಗಡೆ ಗೆರೆ ಹಾಳೆ ವಿವರಣೆಗೆ. ದಸರಾ ರಜ ಮುಗಿಯುವುದರೊಳಗೆ ಹನ್ನೆರಡು ಡಯಾಗ್ರಂ ಮುಗಿಸಿ ಒಯ್ಯಬೇಕು. ಒಂದೂ ಬರೆಯದೆ ಹಿಂದಿನ ಪುಟದಿಂದ ದಿನಚರಿ ಶುರು ಮಾಡಿದ್ದೇನೆ. ದಿನಚರಿ ಬರೆಯುವವರು ಏನನ್ನಾದರೂ ಸಾಧಿಸಿದವರು. ನಾನು ಫಸ್ಟ್ ಇಯರ್ ಬಿ.ಎಸ್ಸಿ., ಮೊದಲ ಟೆಸ್ಟಿನಲ್ಲೇ ಕೆಮಿಸ್ಟ್ರಿ ಫೇಲು. ಆದರೂ ಸಿಟ್ಟನ್ನು ಎಲ್ಲಾದರೂ ಇಡಬೇಕಲ್ಲ.

ಮೈಸೂರಿನ ಹಾಸ್ಟೆಲಿನಲ್ಲಿ ಆರು ವರ್ಷ ಆಯಿತು. ಅಲ್ಲಿ ಊಟಕ್ಕೆ ಗಂಟೆ ಹೊಡೆದರೆ ಸಾಕು, "ಮಹಾದೇವಮ್ಮಾ, ಊಟಕ್ಕೆ ಓಗಾಣ್ವಾ?" ಅಂತ ನನ್ನ ಊರಿನ ಮಾತನ್ನು ಆಡಿ ನಗುತ್ತಾರೆ. ಇಲ್ಲಿ ಬಸ್ಸು ಇಳಿದು "ಲಗೇಜ್ ಹೆವಿ ಇದೆ ಅಪ್ಪ" ಅಂದೆ. ಅಲ್ಲಿ ನಿಂತಿದ್ದವರು ಅದನ್ನೇ ಹಿಡಿದು "ಎವಿ ಅಂತೆ ಕಣ್ಲಾ, ಎವಿ" ಅಂತ ನಕ್ಕರು. ಎರಡು ಕಡೆಯೂ ನಗುವವರೇ.

ಅಪ್ಪ ಟ್ರಂಕು ಹೊತ್ತು ನೇರ ಮನೆಗೆ ಕರೆದುಕೊಂಡು ಹೋಗಲಿಲ್ಲ. ಮೊದಲು ಹೊಲದ ಬದುವಿಗೆ ಕರೆದೊಯ್ದು ದಿಮ್ಮಿ ತೋರಿಸಿದರು. ಮನೆಗೆ ಹೊಸ ಹಜಾರ ಕಟ್ಟಿಸಬೇಕೆಂದು ಮೇ ತಿಂಗಳಲ್ಲಿ ಕೊಳ್ಳೇಗಾಲದ ಸದಾಶಿವಪ್ಪನವರ ಮರದ ಡಿಪೋದಿಂದ ತಂದ ಐದು ದಿಮ್ಮಿ. ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಪಾಲಾರ್ ದಾಟಿ ಬಂದ ಮಾಲಂತೆ. ತೊಗಟೆ ಇನ್ನೂ ಹಾಗೇ ಇದೆ. ತುದಿಗೆ ಕೆಂಪು ಬಣ್ಣದ ಇಂಗ್ಲಿಷ್ ಅಕ್ಷರ. ಅಪ್ಪ ಅದಕ್ಕೆ ಅರಿಸಿನ ಕುಂಕುಮ ಇಟ್ಟಿದ್ದಾರೆ! ನಮ್ಮ ತೋಟದ್ದೇ ಹೊನ್ನೆ ಮರ ಇರುವಾಗ ಇಂಪೋರ್ಟೆಡ್ ಯಾಕೆ ಬೇಕಿತ್ತು? ಸುಗ್ಗಿ ಕಳೆದ ಮೇಲೆ ಆಚಾರಿ ಬಂದು ಕೊಯ್ಯುತ್ತಾನಂತೆ.

ಅಲ್ಲೇ ಅತ್ತೆ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪನ ಅಕ್ಕ, ಪುಟ್ಟಬಸಮ್ಮ. ಗಂಡ ಸತ್ತ ಮೇಲೆ ತವರಿಗೆ ಬಂದು, ತಮ್ಮನ ಮನೆಯಲ್ಲಿ ಸುಮ್ಮನೆ ಉಣ್ಣಲಾರೆ ಅಂತ ಈ ಬದುವಿನ ಮೇಲೆ ತಾನೇ ಇಪ್ಪತ್ತೆರಡು ಹಿಪ್ಪುನೇರಳೆ ಮರ ಬೆಳೆಸಿದವಳು. ಆ ಸೊಪ್ಪಿನಲ್ಲಿ ರೇಷ್ಮೆ ಹುಳ ಸಾಕುತ್ತಾಳೆ. ಅವ್ವ ಹೋದ ಮೇಲೆ ನನ್ನನ್ನೂ ಸಾಕಿದವಳು ಅವಳೇ.

"ಸೊಪ್ಪು ಯಾಕೋ ಬಾಡ್ತಾ ಅದೆ ಕಣವ್ವಾ," ಅಂದಳು. "ಮೂರ್ನೇ ಜ್ವರ ಬಿಟ್ಟು ಹುಳ ಎದ್ದವೆ. ಇನ್ನು ಮ್ಯಾಲೆ ಅವುಕ್ಕೆ ಒಟ್ಟೆ ಅಂದ್ರೆ ಒಟ್ಟೆ. ಕೊಂಚ ನೋಡವ್ವ, ನೀನು ಗಿಡದ ಓದು ಓದೋಳು."

ಹುಳ ಪೊರೆ ಬಿಡುವ ಮುಂಚೆ ತಿನ್ನದೆ ಮಲಗುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ನಾಳೆ ನೋಡುತ್ತೇನೆ ಅಂದೆ. ರಜಕ್ಕೆ ಬಂದವಳು ನಾನು, ಗಿಡದ ಡಾಕ್ಟರಲ್ಲ.

7-10-67

ನೋಡಿದೆ.

ದಿಮ್ಮಿಗೆ ಹತ್ತಿರದ ನಾಲ್ಕು ಮರದ ಬುಡದಲ್ಲಿ ಮರದ ಪುಡಿ ಬಿದ್ದಿದೆ. ಗರಗಸದ ಪುಡಿಯ ಹಾಗಲ್ಲ, ಒದ್ದೆ, ಜಗಿದು ಉಗಿದ ಹಾಗೆ. ಕಾಂಡದಲ್ಲಿ ತೂತು, ತೂತಿನಿಂದ ಕಂದು ರಸ. ಕಿವಿ ಇಟ್ಟು ಕೇಳಿದೆ. ಒಳಗೆ ಕರಕರ ಶಬ್ದ. ಹಪ್ಪಳ ತಿನ್ನುವ ಹಾಗೆ!

ಅಪ್ಪನ ಸೈಕಲ್ಲಿನ ಹಳೇ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ ತೂತಿಗೆ ತೂರಿಸಿ ಎಳೆದೆ. ಬಂತು. ನನ್ನ ಮಧ್ಯದ ಬೆರಳಿನಷ್ಟು ಉದ್ದ, ಬಿಳಿ, ಕಾಲಿಲ್ಲ, ಕಪ್ಪು ಬಾಯಿ. ಅತ್ತೆ ಕಿರುಚಲಿಲ್ಲ. ಕೂತು ನೋಡಿದಳು. ಜೀವನವೆಲ್ಲ ಹುಳ ಸಾಕಿದವಳು ಈ ಹುಳ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮಳೆ ಬಿದ್ದಾಗ ಉದ್ದ ಮೀಸೆ ದುಂಬಿ ಬಂದಿದ್ವು ಕಣವ್ವಾ. ಕಡ್ಡಿ ಮ್ಯಾಲಿನ ಸಿಪ್ಪೆ ಕೆರಕಂಡು ತಿಂತಿದ್ವು. ನಾನು ದುಂಬಿ ತಾನೇ ಅಂತ ಸುಮ್ಕಾದೆ."

ಎದ್ದು ದಿಮ್ಮಿಯ ಹತ್ತಿರ ಹೋದೆ. ತೊಗಟೆಯಲ್ಲಿ ತೂತುಗಳು, ಹೆಬ್ಬೆರಳು ಹೋಗುವಷ್ಟು, ಒಳಗಿನಿಂದ ಹೊರಕ್ಕೆ ಕೊರೆದದ್ದು. ತೊಗಟೆ ಕಿತ್ತರೆ ಕೆಳಗೆಲ್ಲ ದಾರಿಗಳು, ಪುಡಿ ತುಂಬಿದ ದಾರಿಗಳು. ದುಂಬಿ ಇಲ್ಲಿಂದಲೇ ಎದ್ದು ಹೋಗಿವೆ. ಕುಂಕುಮ ಇಟ್ಟು ಪೂಜೆ ಮಾಡಿ, ಅತ್ತೆಯ ಮರಗಳ ನೆರಳಿನಲ್ಲಿಯೇ ಮಲಗಿಸಿ, ಐದು ತಿಂಗಳು ರೋಗ ಸಾಕಿದ್ದಾರೆ ನಮ್ಮಪ್ಪ.

8-10-67

ಜಗಳ.

"ಹುಳ ಎಲ್ಲಾ ಮರದಾಗೂ ಇರ್ತದೆ," ಅಂದರು ಅಪ್ಪ.

"ನಮ್ಮ ಮನೆಯ ಹೊನ್ನೆ ತೊಲೆಯಲ್ಲಿ ಇದೆಯಾ? ಬೇವಿನ ಬಾಗಿಲಲ್ಲಿ ಇದೆಯಾ? ಇಂಪೋರ್ಟೆಡ್ ಅಂದರೆ ಸಾಕು, ಎಲ್ಲರಿಗೂ ಕಣ್ಣು ಕುರುಡು."

ಅಪ್ಪ ನನ್ನ ಮುಖ ನೋಡಿದರು. ಏನೋ ಹೇಳುವವರಿದ್ದರು, ಹೇಳಲಿಲ್ಲ. "ಔಷದಿ ಒಡ್ಸಿಬುಡಾಣ ಬುಡು," ಅಂದರು ಅತ್ತೆಯ ಕಡೆ ತಿರುಗಿ.

"ಲೇ ನಂಜಾ, ಬುದ್ಧಿ ಅದಾ ನಿಂಗೆ? ಸೊಪ್ಪಿಗೆ ಇಸ ಒಡದ್ರೆ ನನ್ನ ಹುಳ ಏನ ತಿಂದಾವು? ಮಣ್ಣ?" ಅಂತ ತಮ್ಮನನ್ನು ಬೈದಳು ಅತ್ತೆ.

ನಮ್ಮ ಬಾಟನಿ ಲೆಕ್ಚರರ್ ಮಹದೇವಯ್ಯನವರಿಗೆ ಕಾಗದ ಬರೆದು ಅಂಚೆಗೆ ಹಾಕಿದೆ. ಇಂಗ್ಲಿಷಿನಲ್ಲಿ ಬರೆದೆ. ಸ್ಪೆಲ್ಲಿಂಗ್ ತಪ್ಪಿದ್ದರೆ ಕ್ಲಾಸಿನಲ್ಲಿ ಓದಿ ನಗಿಸುತ್ತಾರೆ. ನಗಿಸಲಿ.

10-10-67

ಇವತ್ತು ಕೊಳ್ಳೇಗಾಲಕ್ಕೆ ಹೋಗಿ ಬಂದೆವು, ಅಪ್ಪ, ಅತ್ತೆ, ನಾನು. ಬೆಂಕಿಪೊಟ್ಟಣದಲ್ಲಿ ಹುಳ ಹಾಕಿಕೊಂಡು ಹೋಗಿದ್ದೆ.

ಸದಾಶಿವಪ್ಪ ಡಿಪೋದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಎಲೆಅಡಿಕೆ ಹಾಕುತ್ತಿದ್ದರು. "ಏನು ಕೆಂಪನಂಜಪ್ಪೋರೇ, ಮನೆಮಂದಿ ಎಲ್ಲಾ ಬಂದ್ಬುಟ್ರಿ? ಹಜಾರ ಎದ್ದು ನಿಂತ್ಕತ್ತಾ?"

ಅಪ್ಪ ಮಾತು ಹುಡುಕುತ್ತಿದ್ದರು. ನಾನೇ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ. "ನಿಮ್ಮ ಫಾರಿನ್ ಮಾಲು," ಅಂದೆ.

"ಅಯ್ ಶಿವನೇ! ಇದು ಫಾರಿನ್ ಉಳ ಅಂತ ಎಂಗವ್ವಾ ಗೊತ್ತಾಯ್ತು? ಇಂಗ್ಲೀಷ್ನಾಗೆ ಮಾತಾಡ್ತಾ?"

ಗುಮಾಸ್ತೆ, ಕೂಲಿಯವರು ಎಲ್ಲಾ ನಕ್ಕರು. "ಸೈಂಟಿಫಿಕಲಿ..." ಅಂತ ಶುರು ಮಾಡಿದೆ, ನಗು ಇನ್ನೂ ಜೋರಾಯಿತು. ಸಿಟ್ಟಿಗೆ ಅಂಗಳಕ್ಕೆ ಇಳಿದು ಅಲ್ಲಿದ್ದ ದಿಮ್ಮಿಗಳಿಗೆ ಒಂದೊಂದಕ್ಕೂ ಕಿವಿ ಇಟ್ಟೆ. ಮೂರನೆಯದರಲ್ಲಿ ಕರಕರ ಅಂತು. "ಬನ್ನಿ ಕೇಳಿ, ಬನ್ನಿ!" ಅಂತ ಕೂಗಿದೆ.

"ಮರದ ತಾವ ಗುಟ್ಟು ಮಾತಾಡ್ತಾವ್ಳೆ ನೋಡ್ರುಲಾ, ಮದ್ವೆ ಮಾಡಿ ಯಜಮಾನ್ರೇ ಬಿರ್ರನೆ," ಅಂದ ಒಬ್ಬ ಕೂಲಿ.

ಅತ್ತೆ ಅವನತ್ತ ತಿರುಗಿದಳು. "ನಿಮ್ಮವ್ವನ್ಗೆ ಏಳು, ನಿಂಗೆ ಮೊದ್ಲು ಮೂಗುದಾರ ಆಕ್ಲಿ."

ಆಗ ಸದಾಶಿವಪ್ಪ ಎಲೆ ಉಗಿದು ಬಂದರು. ನಗು ಇರಲಿಲ್ಲ. "ನೋಡಿ ಕೆಂಪನಂಜಪ್ಪೋರೇ, ಮರ ಅಂದ್ಮೇಲೆ ಉಳ ಇರ್ತದೆ. ಅದ್ಕೇ ಅಲ್ವಾ ಕೆರೆಗೆ ಆಕಾದು? ಕೆರೆಗೆ ಆಕಬ್ಯಾಡಿ ಅಂತ ನಾ ಏಳಿದ್ನಾ? ನನ್ನ ಲಾರಿ ನಿಮ್ಮೂರ್ಗೆ ಬಂದಾಗ ಎತ್ತು ಕಟ್ಟಿ ಕೆರೆ ಕಡೀಕೆ ಎಳೀತಿದ್ರಂತಲ್ಲ ನೀವು, ತಡೆದೋರ್ಯಾರು? ನಿಮ್ಮ ಮಗಳ್ನೇ ಕೇಳಿ. ಕಾಲೇಜು ಮಗಳು ನಕ್ಕಿದ್ನ ನನ್ನ ಡ್ರೈವರ್ ಇವತ್ಗೂ ಏಳ್ಕೊಂಡು ನಗ್ತಾನೆ."

ಅಪ್ಪ "ನಡೀರಿ" ಅಂದರು.



11-10-67

ಏನೂ ಬರೆಯುವುದಿಲ್ಲ.

12-10-67

ನಕ್ಕರೆ ತಪ್ಪಾ?

ಪಿಯುಸಿ ರಿಸಲ್ಟ್ ಬಂದ ವಾರ ಅದು. ಊರಲ್ಲಿ ಸೈನ್ಸ್ ಪಾಸಾದ ಹುಡುಗಿ ನಾನೊಬ್ಬಳೇ. ಅಪ್ಪ ಬಂದವರಿಗೆಲ್ಲ ಸಕ್ಕರೆ ಹಂಚಿದ್ದರು. ಲಾರಿ ಬಂದು ದಿಮ್ಮಿ ಇಳಿಸಿದ ಕೂಡಲೇ ಅಪ್ಪ ಎತ್ತು ಕಟ್ಟಿದರು. ಇಲ್ಲಿ ಯಾರು ಮರ ಕಡಿದರೂ ಅಷ್ಟೇ, ತೊಗಟೆ ಕೆತ್ತಿ ಕೆರೆಯ ಕೆಸರಿಗೆ ಹಾಕಿ, ಮೇಲೆ ಕಲ್ಲು ಹೇರಿ, ಮೂರು ತಿಂಗಳು ಬಿಡುತ್ತಾರೆ. ತೆಗೆದಾಗ ಅದು ಹೆಣದ ಹಾಗೆ ನಾರುತ್ತದೆ. ಚಿಕ್ಕಂದಿನಿಂದ ನನಗೆ ಅದು ಅಸಹ್ಯ.

ನಾನು ಹೇಳಿದ್ದು ಇಷ್ಟೇ: "ಅಯ್ಯೋ ಅಪ್ಪ, ಫಾರಿನ್ ಟಿಂಬರನ್ನ ಯಾರಾದರೂ ಕೊಚ್ಚೆಗೆ ಹಾಕ್ತಾರಾ? ಸೀಸನ್ ಆಗಿರುತ್ತೆ, ಒಣಗಿ ಹದವಾಗಿರುತ್ತೆ. ಅನ್‌ಸೈಂಟಿಫಿಕ್. ನೆರಳಲ್ಲಿ ಇಡಿ ಸಾಕು." ನಕ್ಕೆ. ಡ್ರೈವರ್ ಕೂಡ ನಕ್ಕ. ಅಪ್ಪ ಎತ್ತು ಬಿಚ್ಚಿದರು. ಬಿಚ್ಚುತ್ತಾ ಡ್ರೈವರಿಗೆ "ಓದಿದೋಳು" ಅಂದರು, ಹೆಮ್ಮೆಯಿಂದ. ನೆರಳಿರುವ ಜಾಗ ಅಂತ ಬದು ತೋರಿಸಿದವಳೂ ನಾನೇ.

ಸೀಸನ್ ಆಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಿತ್ತು? ಗೊತ್ತಿರಲಿಲ್ಲ. ಪಿಯುಸಿಯಲ್ಲಿ ಆ ಪಾಠವೇ ಇಲ್ಲ. ಹಾಗಿದ್ದರೂ ದೊಡ್ಡವರು ನನ್ನ ಮಾತು ಯಾಕೆ ಕೇಳಬೇಕಿತ್ತು? ಅಪ್ಪನಿಗೆ ಅಷ್ಟು ವಯಸ್ಸಾಗಿದೆ. ಮಗಳು ನಕ್ಕರೆ ಎತ್ತು ಬಿಚ್ಚಿಬಿಡುವುದಾ?

ಮೊನ್ನೆ ಜಗಳದಲ್ಲಿ ಅಪ್ಪ ಇದನ್ನೇ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟು.

ಅತ್ತೆ ಮುದ್ದೆ ಮೇಲೆ ಎಂದಿನಂತೆ ತುಪ್ಪ ಹಾಕಿದಳು. ಬೈದಿದ್ದರೆ ಆಗುತ್ತಿತ್ತು.

14-10-67, ಶನಿವಾರ

ಹಬ್ಬ ಕಳೆಯಿತು. ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದು ಮೂರು ದಿನ ಆಯಿತು. ಸೊಪ್ಪು ಹಾಕಿ ತಿರುಗುವುದರೊಳಗೆ ತಟ್ಟೆ ಖಾಲಿ. ಮನೆಯೊಳಗೆ ಹುಳ ಸೊಪ್ಪು ತಿನ್ನುವ ಶಬ್ದ, ಹೊರಗೆ ಮರದೊಳಗೆ ಹುಳ ಮರ ತಿನ್ನುವ ಶಬ್ದ. ತಲೆ ಕೆಡುತ್ತದೆ.

ಎಣಿಸಿದೆ. ಇಪ್ಪತ್ತೆರಡರಲ್ಲಿ ಹನ್ನೊಂದಕ್ಕೆ ಬಿದ್ದಿದೆ. ಅಪ್ಪ ಆಚಾರಿಯನ್ನು ಕರೆಸಿದರು. ಮುದುಕ, ಒಂದು ಕಿವಿ ಮಂದ, ಆದರೆ ಮರಕ್ಕೆ ಕಿವಿ ಕೊಟ್ಟರೆ ನನಗಿಂತ ಚೆನ್ನಾಗಿ ಕೇಳುತ್ತದೆ.

"ತೂತು ಇರೋ ತಾವ ಹುಳ ಇರಾಕಿಲ್ಲ ಕಣವ್ವಾ, ತೂತು ಅವನ ಬಚ್ಚಲು. ಅವನು ಮ್ಯಾಕೆ ಓಗವ್ನೆ. ಇಲ್ಲಿ ಕೇಳು, ಇಲ್ಲಿ."

"ಕೇಳ್ತಾ ಅದೆ."

"ಉಸುರು ಕಟ್ಟು. ಬಡ್ಕೋತದಲ್ಲ ನಿನ್ನ ಎದೆ, ಅದ ಬುಟ್ಟು ಕೇಳು."

ಕಡ್ಡಿ ಹೋದ ಕಡೆ ಎಳೆದು ತೆಗೆದೆವು. ಹೋಗದ ಕಡೆ ಸೀಮೆಎಣ್ಣೆಯಲ್ಲಿ ಹತ್ತಿ ಅದ್ದಿ ತೂತಿಗೆ ತುರುಕಿ, ಸಗಣಿ ಮಣ್ಣು ಕಲೆಸಿ ಮೆತ್ತಿದೆವು. ಸೊಪ್ಪಿಗೆ ತಾಕದ ಹಾಗೆ. ಸಂಜೆಯ ಹೊತ್ತಿಗೆ ಇಪ್ಪತ್ತೇಳು ಹುಳ. ನನ್ನ ಉಗುರಿನೊಳಗೆಲ್ಲ ಸಗಣಿ. ಒಂದೊಂದು ಹುಳ ಬಂದಾಗಲೂ ಕಲ್ಲಿನ ಮೇಲಿಟ್ಟು ಜಜ್ಜಿದೆ, ಬೇಕಾದ್ದಕ್ಕಿಂತ ಹೆಚ್ಚು ಸಲ.

"ಸತ್ತದೆ ಬುಡವ್ವಾ ತಾಯಿ, ಇನ್ನೇನು ಅದ್ರ ಕೈಲಿ ಸಾಲ ವಸೂಲಿ ಮಾಡ್ತೀಯಾ?" ಅಂದ ಆಚಾರಿ. ಅತ್ತೆ ನಕ್ಕಳು. ಈ ರಜದಲ್ಲಿ ಅವಳು ನಕ್ಕದ್ದು ಇವತ್ತೇ ಮೊದಲು.

ಡಯಾಗ್ರಂ ಬರೆದಿಲ್ಲ.

17-10-67

ಮಹದೇವಯ್ಯನವರ ಉತ್ತರ ಬಂತು. ಕಾರ್ಡು. ಕನ್ನಡದಲ್ಲಿ!

"ನೀನು ವರ್ಣಿಸಿದ ದುಂಬಿ ನಮ್ಮ ದೇಶದಲ್ಲೂ ಉಂಟು. ಮಾವು, ಹಲಸು, ಅತ್ತಿ, ಹಿಪ್ಪುನೇರಳೆ ಎಲ್ಲಕ್ಕೂ ಬೀಳುತ್ತದೆ. ಹೊರಗಿನ ದಿಮ್ಮಿಯಿಂದಲೇ ಬಂತೆಂದು ಹಟ ಹಿಡಿಯಬೇಡ, ಬಂದಿಲ್ಲವೆಂದೂ ನಾನು ಹೇಳಲಾರೆ. ತೊಗಟೆ ತೆಗೆಯದ ಹಸಿ ದಿಮ್ಮಿ ಯಾವ ಊರಿನದಾದರೂ ಅಪಾಯವೇ. ಮರದ ಪಕ್ಕ ಇಡಕೂಡದು. ನೀರಿನಲ್ಲಿ ಮುಳುಗಿಸುವ ರೂಢಿ ಒಳ್ಳೆಯದು. ಕೀಟದ ಮಾದರಿ ತಾ."

ಸಿಟ್ಟಿನಿಂದ ಕಾರ್ಡನ್ನು ಎರಡು ಸಲ ಮಡಿಸಿದೆ. ಫಾರಿನ್ ಹುಳ ಅಂತ ಬರೆದುಕೊಟ್ಟಿದ್ದರೆ ಸದಾಶಿವಪ್ಪನ ಮುಖಕ್ಕೆ ಹಿಡಿಯಬಹುದಿತ್ತು. ಆಮೇಲೆ ಬಿಡಿಸಿ ಓದಿದೆ. "ನೀರಿನಲ್ಲಿ ಮುಳುಗಿಸುವ ರೂಢಿ ಒಳ್ಳೆಯದು." ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ.

ಮಧ್ಯಾಹ್ನ ಅಪ್ಪ ಯಾರಿಗೂ ಹೇಳದೆ ಎತ್ತು ಕಟ್ಟಿದರು. ಆಚಾರಿ ದಿಮ್ಮಿಗಳ ತೊಗಟೆ ಕೆತ್ತಿದ, ನಾನೂ ಅತ್ತೆಯೂ ಒಂದು ಚೂರು ಬಿಡದೆ ಬಳಿದು ಬೆಂಕಿ ಹಾಕಿದೆವು. ಅರಿಸಿನ ಕುಂಕುಮದ ಸಮೇತ ಉರಿಯಿತು. ದಿಮ್ಮಿಗಳು ಕೆರೆಗೆ ಹೋದವು. ಬೀದಿಯಲ್ಲಿ ಒಬ್ಬ ಕೇಳಿದ, "ಏನ್ರಪ್ಪಾ, ಫಾರಿನ್ ಮರ ಈಗ ಮೀಯಾಕ್ ಓಯ್ತದಾ?"

"ಊ ಕಣಪ್ಪಾ, ಓಯ್ತದೆ. ನೀನೂ ಬಂದು ಒಂದ್ ಕಲ್ಲು ಏರು," ಅಂದೆ ನಾನು.

20-10-67, ಶುಕ್ರವಾರ

ಎರಡು ಮರ ಉಳಿಯಲಿಲ್ಲ. ದಿಮ್ಮಿ ಒರಗಿಸಿದ್ದ ಮರ, ಅದರ ಪಕ್ಕದ್ದು. ಒಳಗೆ ಪೂರಾ ಟೊಳ್ಳು. ಅಪ್ಪ ಆಳು ಕರೆಯುತ್ತೇನೆ ಅಂದರು. ಅತ್ತೆ ಒಪ್ಪಲಿಲ್ಲ. "ನಾನೇ ನೀರು ಉಯ್ದವ್ಳು, ನಾನೇ ಒಡೀತೀನಿ." ಮೊದಲ ಏಟು ಅವಳು ಹಾಕಿದಳು. ಕೊಡಲಿ ಒಳಕ್ಕೆ ಇಳಿದ ಶಬ್ದ ಮರದ್ದಲ್ಲ, ಹಳೇ ಬುಟ್ಟಿಯದು. ನಾನು ಕೊಡಲಿ ಇಸಿದುಕೊಂಡೆ. ಆಮೇಲೆ ಯಾರೂ ನನ್ನ ಕೈಯಿಂದ ಇಸಿದುಕೊಳ್ಳಲಿಲ್ಲ.

ಸೊಪ್ಪು ಸಾಲದೆ ಮೂರು ದಿನ ಧನಗೆರೆಗೆ ಹೋಗಿ ಚೆಲುವಮ್ಮ ಅನ್ನುವವರ ತೋಟದಿಂದ ಹೊರೆ ಹೊತ್ತು ತಂದೆವು. ನಿನ್ನೆ ಹುಳ ಹಣ್ಣಾಗಿ ತಿನ್ನುವುದು ಬಿಟ್ಟವು, ಇವತ್ತು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟಾಯಿತು. ಅರ್ಧದಷ್ಟೇ ಗೂಡು ಕಟ್ಟಬಹುದು. ಉಳಿದವು ಹೊಟ್ಟೆಗಿಲ್ಲದೆ ಸಣ್ಣಗಾಗಿ ತಟ್ಟೆಯ ಅಂಚಿನಲ್ಲಿ ತಲೆ ಎತ್ತಿಕೊಂಡು ಕೂತಿವೆ.

"ಇಪ್ಪತ್ತು ಮರ ಅವಲ್ಲ," ಅಂದಳು ಅತ್ತೆ.

ಸಂಜೆ ಆಚಾರಿ ಉಳಿ ಮಸೆಯುತ್ತಾ ಮಾತಿಗೆ ಹೇಳಿದ: ಅದೇ ಲಾರಿಯ ದಿಮ್ಮಿ ಯಳಂದೂರಿಗೆ ಎರಡು ಹೋಗಿವೆ, ಹನೂರಿನ ಸಿದ್ದಮಲ್ಲಪ್ಪನವರಿಗೆ ನಾಲ್ಕು. ಹನೂರಿನ ಬಾಗಿಲು ಕೆಲಸಕ್ಕೂ ಅವನನ್ನೇ ಕರೆದಿದ್ದಾರಂತೆ, ಬರುವ ತಿಂಗಳು. "ಅವರ್ಗೆ ಮಾವಿನ ತೋಪು, ಹಲಸು, ಎಲ್ಲಾ ಅದೆ ಕಣವ್ವಾ."

"ಕೆರೆಗೆ ಆಕಿದ್ರಾ?"

"ಎಲ್ಲಿ ಆಕಿದ್ರು? ಮಧುವನಹಳ್ಳಿ ಕೆಂಪನಂಜಪ್ಪೋರ್ ಮಗಳು, ಓದಿರೋಳು, ಕೆರೆ ಬ್ಯಾಡ ಅಂದವ್ಳೆ ಅಂತ ಆ ಡ್ರೈವರ್ ಹೋದ್ ಹೋದ್ ಕಡೆ ಎಲ್ಲಾ ಏಳವ್ನಂತೆ."

ನಾನು ಎದ್ದು ಹಿತ್ತಿಲಿಗೆ ಹೋದೆ. ಕೈ ತೊಳೆದೆ. ಇನ್ನೊಮ್ಮೆ ತೊಳೆದೆ.

23-10-67, ಸೋಮವಾರ

ಕಾಲೇಜು ಇವತ್ತು ತೆರೆಯಿತು. ಅಪ್ಪ ಬೆಳಿಗ್ಗೆ ಯಳಂದೂರಿನ ಬಸ್ಸು ಹತ್ತಿದರು, ಆ ಎರಡು ದಿಮ್ಮಿ ಹುಡುಕಲು. ಹನೂರಿಗೆ ಕಾಗದ ನಾನು ಬರೆಯುವುದು ಅಂತಾಯಿತು.

ನಾಲ್ಕು ಸಲ ಬರೆದೆ. ಮೊದಲನೆಯದರಲ್ಲಿ ಬರೀ ಸದಾಶಿವಪ್ಪ. ಎರಡನೆಯದರಲ್ಲಿ ಹಡಗು, ಮದ್ರಾಸು, ಸರ್ಕಾರ ಹೊರಗಿನ ಮರವನ್ನು ತೊಗಟೆ ಸಮೇತ ಯಾಕೆ ಇಳಿಸಿಕೊಳ್ಳಬೇಕು ಅಂತ ಎರಡು ಪುಟ. ಮೂರನೆಯದು ಇಂಗ್ಲಿಷ್ ಬೆರೆತು ನನಗೇ ಅರ್ಥವಾಗಲಿಲ್ಲ. ಅವುಗಳಲ್ಲಿ ಬರೆದದ್ದು ಸುಳ್ಳೇನಲ್ಲ. ಈಗಲೂ ಡಿಪೋದ ಆ ಕುರ್ಚಿ ನೆನೆದರೆ ಹಲ್ಲು ಕಚ್ಚುತ್ತೇನೆ. ಆದರೆ ಅದನ್ನು ಓದಿ ಸಿದ್ದಮಲ್ಲಪ್ಪನವರು ಸದಾಶಿವಪ್ಪನ ಮೇಲೆ ಜಗಳಕ್ಕೆ ಹೋದಾರು, ತೋಪಿಗೆ ಹೋಗಿ ಮರಕ್ಕೆ ಕಿವಿ ಇಡಲಾರರು. ನಾಲ್ಕನೆಯದನ್ನು ಅತ್ತೆಗೆ ಓದಿದೆ. "ನಿನ್ನ ಹೆಸ್ರ ಮುಚ್ಚಿಕೋಬೌದಿತ್ತು," ಅಂದಳು. ಆಮೇಲೆ, "ಬ್ಯಾಡ ಬುಡು. ಇರ್ಲಿ. ಓದಿದೋಳು ಅಂತ್ಲೇ ಅವ್ರು ಕೇಳಿದ್ದು, ಈಗ್ಲೂ ಕೇಳ್ಲಿ," ಅಂದಳು. ಪ್ರತಿ ಇಲ್ಲಿ ಇಟ್ಟುಕೊಳ್ಳುತ್ತೇನೆ.

ಹನೂರಿನ ಸಿದ್ದಮಲ್ಲಪ್ಪನವರಿಗೆ, ಮಧುವನಹಳ್ಳಿ ಕೆಂಪನಂಜಪ್ಪನವರ ಮಗಳು ಮಹಾದೇವಮ್ಮ ಮಾಡುವ ಶರಣು.

ಫಾರಿನ್ ದಿಮ್ಮಿಯನ್ನು ಕೆರೆಗೆ ಹಾಕಬೇಡಿ, ನೆರಳಿನಲ್ಲಿಟ್ಟರೆ ಸಾಕು ಎಂದು ಹೇಳಿದವಳು ನಾನೇ. ತಿಳಿಯದೆ ಹೇಳಿದೆ, ನಕ್ಕು ಹೇಳಿದೆ. ನಮ್ಮ ದಿಮ್ಮಿಯೊಳಗಿಂದ ದುಂಬಿ ಎದ್ದು ನಮ್ಮತ್ತೆಯ ಹನ್ನೊಂದು ಮರಕ್ಕೆ ಹುಳ ಬಿದ್ದಿತು. ಎರಡನ್ನು ಕಡಿದೆವು. ನಿಮ್ಮ ದಿಮ್ಮಿಗಳು ಮಾವು ಅಥವಾ ಹಲಸಿನ ಹತ್ತಿರ ಇದ್ದರೆ ಇವತ್ತೇ ದೂರ ಎಳೆಸಿ, ತೊಗಟೆ ಕೆತ್ತಿಸಿ ಸುಡಿಸಿ, ದಿಮ್ಮಿಯನ್ನು ಕೆರೆಗೆ ಹಾಕಿಸಿ. ಮರಗಳ ಬುಡದಲ್ಲಿ ಒದ್ದೆ ಪುಡಿ ಬಿದ್ದಿದೆಯೇ ನೋಡಿಸಿ. ಪುಡಿ ಇದ್ದರೆ ಮರವನ್ನು ಕಡಿಯಬೇಡಿ, ಹೆಚ್ಚಿನವು ಉಳಿಯುತ್ತವೆ. ಆಚಾರಿಯೂ ನಾನೂ ಕಡ್ಡಿ ತೆಗೆದುಕೊಂಡು ಮೊದಲ ಬಸ್ಸಿಗೆ ಬರುತ್ತೇವೆ. ಕಾಗದ ಬರುವವರೆಗೆ ನಾನು ಊರಲ್ಲೇ ಇರುತ್ತೇನೆ.

ಪುಡಿ ಇದೆಯೋ ಇಲ್ಲವೋ, ದಯವಿಟ್ಟು ಬೇಗ ಬರೆಯಿರಿ.